ಮಗುವಿನ ಹೆಸರಿನಲ್ಲೊಂದು ಊರು ಇರಲಿ

1183ರಲ್ಲಿ ಇಂಗ್ಲೆಂಡಿನ ಡರ್ಹಮ್ ಬಿಷಪ್ ಹ್ಯೂ ದ ಪ್ಯೂಸೆ ತನ್ನ ಕೈಕೆಳಗಿನ ಹಳ್ಳಿಗಳ ಲೆಕ್ಕ ಬರೆಸಿದ. ಯಾವ ಹಳ್ಳಿ ಯಾರ ವಶದಲ್ಲಿದೆ, ಯಾರು ಎಷ್ಟು ಕಂದಾಯ ಕಟ್ಟಬೇಕು, ಯಾರು ಎಷ್ಟು ದಿನ ಬಿಟ್ಟಿ ದುಡಿಯಬೇಕು ಎಂಬುದೆಲ್ಲ ಅದರಲ್ಲಿದೆ. ಬೋಲ್ಡನ್ ಬುಕ್ ಅಂತ ಅದಕ್ಕೆ ಹೆಸರು. ಅದರಲ್ಲೊಂದು ಚಿಕ್ಕ ನಮೂದು ಬರುತ್ತದೆ. ಹರ್ಟ್‌ಬರ್ನ್‌ನ ವಿಲಿಯಂ ಎಂಬಾತ ತನ್ನ ಹರ್ಟ್‌ಬರ್ನ್ ಹಳ್ಳಿಯನ್ನು ಬಿಷಪ್‌ಗೆ ಬಿಟ್ಟುಕೊಟ್ಟು, ಬದಲಿಗೆ ವೆಸ್ಸಿಂಗ್ಟನ್ ಪಡೆದಿದ್ದಾನೆ. ಅದಕ್ಕೆ 4 ಪೌಂಡ್ ಕಟ್ಟಬೇಕು. ಬಿಷಪ್ ದೊಡ್ಡ ಬೇಟೆಗೆ ಹೊರಟಾಗ 4 ಬೇಟೆನಾಯಿಗಳನ್ನು ಕರೆದುಕೊಂಡು ತಾನೂ ಹೋಗಬೇಕು.

ಆ ವೆಸ್ಸಿಂಗ್ಟನ್ನೇ ಇಂಗ್ಲೆಂಡಿನಲ್ಲಿ ಇವತ್ತು ವಾಷಿಂಗ್ಟನ್ ಅಂತ ಕರೆಯುವ ಊರು. ಹಳ್ಳಿ ಬದಲಾದ ಮೇಲೆ ವಿಲಿಯಂನ ಹೆಸರೂ ಬದಲಾಯಿತು. ಹರ್ಟ್‌ಬರ್ನ್‌ನ ವಿಲಿಯಂ ಇದ್ದವನು ವೆಸ್ಸಿಂಗ್ಟನ್‌ನ ವಿಲಿಯಂ ಆದ. ಆ ಅದಲುಬದಲು ಆಗದೇ ಹೋಗಿದ್ದರೆ ಅಮೆರಿಕದ ರಾಜಧಾನಿಯ ಹೆಸರು ಇವತ್ತು ಹರ್ಟ್‌ಬರ್ನ್ ಆಗಿರುತ್ತಿತ್ತೋ ಏನೋ.

ನಾನು ಇರುವುದು ಇದೇ ಈಶಾನ್ಯ ಇಂಗ್ಲೆಂಡಿನಲ್ಲಿ. ವಾಷಿಂಗ್ಟನ್ ನಮಗೆ ಪಕ್ಕದ ಊರು. ವಿಯರ್ ನದಿಯ ಹತ್ತಿರ, ಸಂಡರ್‌ಲ್ಯಾಂಡ್ ನಗರಾಡಳಿತಕ್ಕೆ ಸೇರಿದ ಜಾಗ. ಹಿಂದೆ ಕಲ್ಲಿದ್ದಲು ಗಣಿಗಳಿದ್ದವು. 1964ರಲ್ಲಿ ಸರ್ಕಾರ ಅದನ್ನು ಹೊಸ ಪಟ್ಟಣವಾಗಿ ಬೆಳೆಸಲು ಆರಿಸಿತು. 1986ರಿಂದ ಪಕ್ಕದಲ್ಲೇ ನಿಸಾನ್ ಕಾರ್ಖಾನೆ ನಡೆಯುತ್ತಿದೆ. ಈ ಸುತ್ತಿನಲ್ಲಿ ಕೆಲಸಕ್ಕೆಂದು ಬಂದ ಕನ್ನಡದ ಮನೆಗಳು ಬೇಕಾದಷ್ಟಿವೆ. ಆ ಮನೆಗಳಲ್ಲಿ ಮಗು ಹುಟ್ಟಿದಾಗಲೆಲ್ಲ ಒಂದೇ ಚರ್ಚೆ: ಸರ್‌ನೇಮ್ ಅಂತ ಏನು ಬರೆಸೋದು? ಈ ಚರ್ಚೆಯಲ್ಲಿ ನನ್ನದು ಒಂದು ಗಟ್ಟಿ ಅಭಿಪ್ರಾಯ ಇದೆ. ಊರಿನ ಹೆಸರು ಬರೆಸಿ. ಜಾತಿಯ ಹೆಸರೂ ಬೇಡ, ಅಪ್ಪನ ಹೆಸರೂ ಬೇಡ. ಯಾಕೆ ಅಂತ ಹೇಳುವುದಕ್ಕೆ ವಾಷಿಂಗ್ಟನ್ ಎಂಬ ಈ ಒಂದು ಹೆಸರಿನ ಕಥೆಯೇ ಸಾಕು.

ಇಂಗ್ಲಿಷರಿಗೂ ಮೊದಲು ಸರ್‌ನೇಮ್ ಇರಲಿಲ್ಲ. ಒಬ್ಬನಿಗೆ ಒಂದೇ ಹೆಸರು. 1066ರಲ್ಲಿ ನಾರ್ಮನ್ನರು ಬಂದು ನಾಡನ್ನು ಗೆದ್ದ ಮೇಲೆ ಅವರ ರೂಢಿಯೂ ಜೊತೆಗೆ ಬಂತು. ಆ ಸರದಾರರು ತಮ್ಮ ಹೆಸರಿನ ಜೊತೆ ತಮ್ಮ ಊರನ್ನು ಹೇಳಿಕೊಳ್ಳುತ್ತಿದ್ದರು. ನಮ್ಮ ಉತ್ತರಕ್ಕಿರುವ ನಾರ್ತಂಬರ್‌ಲ್ಯಾಂಡಿನ ಪರ್ಸಿ ಮನೆತನದ ಹೆಸರು ನಾರ್ಮಂಡಿಯ ಒಂದು ಹಳ್ಳಿಯದು. ಸ್ಕಾಟ್‌ಲ್ಯಾಂಡನ್ನು ಆಳಿದ ಬ್ರೂಸ್ ಮನೆತನದ ಹೆಸರೂ ಅಲ್ಲಿನ ಬ್ರಿ ಎಂಬ ಊರಿನಿಂದ ಬಂದದ್ದು. ಇನ್ನು ಇಲ್ಲೇ ಜಮೀನು ಸಿಕ್ಕವರು ಇಲ್ಲಿನ ಹಳ್ಳಿಯ ಹೆಸರನ್ನೇ ಇಟ್ಟುಕೊಂಡರು. ನಮ್ಮ ವಿಲಿಯಂ ಆ ಬಗೆಯವನು. ಅವನ ಮಟ್ಟಿಗೆ ಊರಿನ ಹೆಸರು ಅಂದರೆ ಒಡೆತನ. ಈ ಊರು ನನ್ನದು ಅನ್ನುವ ಮಾತು.

ಬಡವರ ವಿಷಯದಲ್ಲಿ ಅದೇ ಹೆಸರು ಬೇರೆ ಕೆಲಸ ಮಾಡುತ್ತಿತ್ತು. ಲಿಂಕನ್ ಪಟ್ಟಣದಲ್ಲಿ ಇರುವ ಜಾನ್‌ನನ್ನು ಯಾರೂ ಲಿಂಕನ್ನಿನ ಜಾನ್ ಅಂತ ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಲಿಂಕನ್ನಿನವರೇ ಅಲ್ವಾ? ಅವನು ಊರು ಬಿಟ್ಟು ಬೇರೆ ಕಡೆ ಕೂಲಿಗೋ ವ್ಯಾಪಾರಕ್ಕೋ ಹೋಗಿ ನೆಲೆಸಿದ ಮೇಲೆ ಮಾತ್ರ ಆ ಹೆಸರು ಬೀಳುತ್ತದೆ. ಹಾಗಾಗಿ ಸಾಮಾನ್ಯರಲ್ಲಿ ಊರಿನ ಹೆಸರಿನ ಸರ್‌ನೇಮ್ ಅಂದರೆ ವಲಸೆ ಹೋದವರ ಗುರುತು. ಪರವೂರಿನಲ್ಲಿ ಸಿಕ್ಕ ಹೆಸರು ಅದು. ಹೊರನಾಡಿನವನಾದ ನನಗೆ ಈ ಸಂಗತಿ ತುಂಬ ಹತ್ತಿರದ್ದು ಅನ್ನಿಸುತ್ತದೆ.

ಊರಿನವರೆಗೂ ಹೋಗದ ಹೆಸರುಗಳೂ ಉಂಟು. ಗುಡ್ಡದ ಪಕ್ಕ ಮನೆ ಇದ್ದವನು ಹಿಲ್, ಕಾಡಿನಂಚಿನವನು ವುಡ್, ಹೊಳೆ ದಾಟುವ ಕಡೆ ಇದ್ದವನು ಫೋರ್ಡ್. ಬ್ರಿಟನ್ನಿನ ಪ್ರಧಾನಿಯಾಗಿದ್ದ ಕ್ಲೆಮೆಂಟ್ ಆಟ್ಲಿಯವರ ಹೆಸರಿನಲ್ಲಿ ಹುಲ್ಲುಗಾವಲಿನ ಬಳಿ ಇದ್ದ ಮನೆಯೊಂದಿದೆ. ಇದನ್ನು ಓದಿದಾಗ ನನಗೆ ಹೊನ್ನಾವರದ ಕೆರೆಮನೆ ನೆನಪಾಗದೆ ಇರುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಇವತ್ತು ಯಕ್ಷಗಾನ ಗೊತ್ತಿರುವ ಯಾರಿಗೂ ಕೆರೆಮನೆ ಅಂದರೆ ಸಾಕು. ಮನೆ ಇದ್ದ ಜಾಗವೇ ಮನೆತನದ ಹೆಸರಾಗಿ, ಕೊನೆಗೆ ಒಂದು ಕಲೆಯ ಶೈಲಿಯ ಹೆಸರೇ ಆಯಿತು.

ವಿಲಿಯಂನ ಕಾಲದಲ್ಲಿ ಹೆಸರು ಇನ್ನೂ ಸಡಿಲವಾಗಿತ್ತು. ಊರು ಬದಲಾದರೆ ಹೆಸರು ಬದಲಾಗುತ್ತಿತ್ತು. ನಿಧಾನವಾಗಿ ಅದು ಅಂಟಿಕೊಳ್ಳತೊಡಗಿತು. ಅಪ್ಪನ ಜಮೀನು ಮಗನಿಗೆ ಬರಬೇಕಾದರೆ ಅಪ್ಪ ಮಗ ಇಬ್ಬರಿಗೂ ಒಂದೇ ಹೆಸರಿದ್ದರೆ ಅನುಕೂಲ. ತೆರಿಗೆಯವರಿಗೂ ಅನುಕೂಲ. 1377ರಿಂದ 1381ರ ನಡುವೆ ಮೂರು ಸಲ ತಲೆಗಂದಾಯ ಹಾಕಿದಾಗ ಸಾಮಾನ್ಯರ ಹೆಸರುಗಳೂ ಪಟ್ಟಿಗೆ ಬಂದವು. ಆಮೇಲೆ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ನಾಮಕರಣ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು ಅಂತ ಆಜ್ಞೆ ಹೊರಡಿಸಿದ. ಹೊತ್ತು ಹೋದಂತೆ ‘ಆ ಊರಿನ’ ಅಂತ ಸೂಚಿಸುವ ಪುಟ್ಟ ಪದ ಉದುರಿಹೋಗಿ ಬರೀ ಊರಿನ ಹೆಸರು ಉಳಿಯಿತು. ಅಷ್ಟು ಹೊತ್ತಿಗೆ ಊರಿಗೂ ಆ ಮನುಷ್ಯರಿಗೂ ಸಂಬಂಧವೇ ಇಲ್ಲದ ಸ್ಥಿತಿ ಬಂದಿತ್ತು.

ವಾಷಿಂಗ್ಟನ್ ಮನೆತನಕ್ಕೂ ಹಾಗೇ ಆಯಿತು. ಸುಮಾರು 1400ರ ಹೊತ್ತಿಗೆ ಹಿರಿಯ ಕವಲಿನಲ್ಲಿ ಗಂಡುಮಕ್ಕಳಿಲ್ಲದೆ ಮಗಳ ಮದುವೆಯೊಂದಿಗೆ ಆ ಹಳ್ಳಿ ಬೇರೆ ಮನೆತನಕ್ಕೆ ಹೋಯಿತು. ಹೆಸರು ಮಾತ್ರ ಉಳಿದ ಕವಲುಗಳ ಜೊತೆ ಊರೂರು ಅಲೆಯಿತು. ಆ ಹೆಸರಿನ ಜಾನ್ ಎಂಬುವರು 1416ರಿಂದ 1446ರವರೆಗೆ ಡರ್ಹಮ್ ಕ್ಯಾಥೆಡ್ರಲ್ ಮಠದ ಮುಖ್ಯಸ್ಥರಾಗಿದ್ದರು. ಅಲ್ಲಿನ ಅಂಗಳದ ಪಡಸಾಲೆಯಲ್ಲಿ ಅವರ ನೆನಪಿಗೆ ಒಂದು ಫಲಕ ಇದೆ. ಅವರಿಗೆ ಗೊತ್ತೇ ಇಲ್ಲದ ನಾಡುಗಳಲ್ಲಿ ಅವರ ಮನೆತನ ಅಳಿಯದ ಹೆಸರು ಗಳಿಸಿತು ಅಂತ ಅದರಲ್ಲಿ ಬರೆದಿದೆ. ಡರ್ಹಮ್‌ಗೆ ಬಂದ ನೆಂಟರಿಗೆ ನಾನು ತಪ್ಪದೆ ತೋರಿಸುವ ಫಲಕ ಅದು.

ಇನ್ನೊಂದು ಕವಲು ಲ್ಯಾಂಕಶೈರಿನ ವಾರ್ಟನ್ ಎಂಬ ಹಳ್ಳಿಯಲ್ಲಿ ನೆಲೆಸಿತು. ಅಲ್ಲಿಂದ ಲಾರೆನ್ಸ್ ವಾಷಿಂಗ್ಟನ್ ಎಂಬಾತ ದಕ್ಷಿಣಕ್ಕೆ ಹೋಗಿ ನಾರ್ತಾಂಪ್ಟನ್‌ನಲ್ಲಿ ಉಣ್ಣೆ ವ್ಯಾಪಾರ ಮಾಡಿದ, ಆ ಪಟ್ಟಣದ ಮೇಯರ್ ಕೂಡ ಆದ. ಎಂಟನೆಯ ಹೆನ್ರಿ ರಾಜ ಮಠಗಳನ್ನು ಮುಚ್ಚಿಸಿ ಅವುಗಳ ಜಮೀನು ಮಾರಿದಾಗ, 1539ರಲ್ಲಿ ಈತ ಸಲ್‌ಗ್ರೇವ್ ಎಂಬ ಜಹಗೀರನ್ನು ಕೊಂಡುಕೊಂಡು ಮನೆ ಕಟ್ಟಿಸಿದ. ಆ ಮನೆ ಈಗಲೂ ಇದೆ. ಬಾಗಿಲ ಮೇಲೆ ಮನೆತನದ ಲಾಂಛನ ಇದೆ: ಎರಡು ಪಟ್ಟಿ, ಮೂರು ನಕ್ಷತ್ರ. ಅಮೆರಿಕದ ರಾಜಧಾನಿಯ ಬಾವುಟದಲ್ಲಿ ಇರುವುದೂ ಇದೇ ಎರಡು ಕೆಂಪು ಪಟ್ಟಿ, ಮೂರು ಕೆಂಪು ನಕ್ಷತ್ರ.

ಆಮೇಲಿನ ತಲೆಮಾರುಗಳಲ್ಲಿ ಮನೆತನ ಸೋತಿತು. ಅದೇ ಹೆಸರಿನ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್‌ನಲ್ಲಿ ಪಾದ್ರಿಯಾಗಿದ್ದ. ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯುತ್ತಿದ್ದಾಗ, 1643ರಲ್ಲಿ ಪಾರ್ಲಿಮೆಂಟಿನವರು ಅವನನ್ನು ಕೆಲಸದಿಂದ ಕಿತ್ತುಹಾಕಿದರು. ಮಗ ಜಾನ್ ಹಡಗಿನ ಕೆಲಸ ಹಿಡಿದ. ತಂಬಾಕಿನ ವ್ಯಾಪಾರಕ್ಕೆಂದು ವರ್ಜೀನಿಯಾಕ್ಕೆ ಹೋದ ಹಡಗು 1657ರ ಸುಮಾರಿಗೆ ಪೊಟೊಮ್ಯಾಕ್ ನದಿಯಲ್ಲಿ ನೆಲ ಕಚ್ಚಿತು. ಜಾನ್ ಅಲ್ಲೇ ಉಳಿದ. ಅವನ ಮರಿಮಗನೇ 1732ರಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್.

ಜಾರ್ಜ್‌ಗೆ ಈ ಕಥೆಯೆಲ್ಲ ಗೊತ್ತಿತ್ತೇ? ಹೆಚ್ಚೇನೂ ಇಲ್ಲ. 1791ರ ಡಿಸೆಂಬರಿನಲ್ಲಿ ಲಂಡನ್ನಿನ ಐಸಾಕ್ ಹರ್ಡ್ ಎಂಬ ವಂಶಾವಳಿ ಅಧಿಕಾರಿ ಅವರಿಗೆ ಕಾಗದ ಬರೆದು ಮನೆತನದ ವಿವರ ಕೇಳಿದರು. ಇದಕ್ಕೆಲ್ಲ ತಾನು ಅಷ್ಟಾಗಿ ಗಮನ ಕೊಟ್ಟಿಲ್ಲ, ಬೇರೆ ಕೆಲಸಗಳಲ್ಲೇ ಬದುಕು ಕಳೆಯಿತು ಅಂತ ಜಾರ್ಜ್ ಉತ್ತರ ಕೊಟ್ಟರು. ಅಷ್ಟು ಹೊತ್ತಿಗೆ ಒಂದು ದೇಶದ ರಾಜಧಾನಿಗೆ ಅವರ ಹೆಸರು ಇಟ್ಟಾಗಿತ್ತು. ಆ ಹೆಸರಿನೊಳಗೆ ಡರ್ಹಮ್‌ನ ಒಂದು ಹಳ್ಳಿ ಸುಮ್ಮನೆ ಕೂತಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಒಬ್ಬ ಜಮೀನುದಾರನ ಮನೆತನದ ಕಥೆ ಅಷ್ಟೇ. ನನ್ನ ಮನಸ್ಸನ್ನು ಹಿಡಿದಿರುವುದು ಮುಂದಿನ ಭಾಗ.

2000ದ ಅಮೆರಿಕದ ಜನಗಣತಿಯಲ್ಲಿ ವಾಷಿಂಗ್ಟನ್ ಎಂಬ ಸರ್‌ನೇಮ್ ಇರುವವರು ಸುಮಾರು 1,63,000 ಜನ. ಅವರಲ್ಲಿ ನೂರಕ್ಕೆ 90ರಷ್ಟು ಜನ ಕಪ್ಪು ಅಮೆರಿಕನ್ನರು. ನಟ ಡೆನ್ಜಲ್ ವಾಷಿಂಗ್ಟನ್ ಎಲ್ಲರಿಗೂ ಗೊತ್ತು. ಜಾರ್ಜ್‌ಗೆ ಸ್ವಂತ ಮಕ್ಕಳಿರಲಿಲ್ಲ. ಅವರ ಹೆಸರನ್ನು ಇವತ್ತು ಜಾಸ್ತಿ ಉಳಿಸಿಕೊಂಡಿರುವವರು ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು.

1799ರಲ್ಲಿ ಜಾರ್ಜ್ ತೀರಿಕೊಂಡಾಗ ಅವರ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ಗುಲಾಮರಾಗಿ ದುಡಿಯುತ್ತಿದ್ದವರು 300ಕ್ಕೂ ಹೆಚ್ಚು ಜನ. ಅಂಥ ಎಸ್ಟೇಟುಗಳ ಲೆಕ್ಕದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಗುಲಾಮರಿಗೆ ಒಂದೇ ಹೆಸರು. ಸರ್‌ನೇಮ್ ಇದ್ದರೂ ಅದನ್ನು ಯಜಮಾನ ಬರೆಯುತ್ತಿರಲಿಲ್ಲ. ಅಲ್ಲಿಂದ ತಪ್ಪಿಸಿಕೊಂಡವರಲ್ಲಿ ಹ್ಯಾರಿ ಎಂಬ ಒಬ್ಬರಿದ್ದರು. ಆಫ್ರಿಕದಲ್ಲಿ ಹುಟ್ಟಿ, ಹಿಡಿದು ಮಾರಲ್ಪಟ್ಟು, ಕುದುರೆ ಲಾಯದಲ್ಲಿ ದುಡಿದವರು. ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಓಡಿಹೋಗಿ ಬ್ರಿಟಿಷ್ ಸೈನ್ಯ ಸೇರಿದರು. 1783ರಲ್ಲಿ ಬ್ರಿಟಿಷರ ಜೊತೆ ನೋವಾ ಸ್ಕೋಷಿಯಾಕ್ಕೆ ಹೋದರು. 1792ರಲ್ಲಿ ಅಲ್ಲಿಂದ ಆಫ್ರಿಕದ ಸಿಯೆರಾ ಲಿಯೋನ್‌ಗೆ. ಅಲ್ಲಿ ಆಡಳಿತ ನಡೆಸುತ್ತಿದ್ದ ಸಿಯೆರಾ ಲಿಯೋನ್ ಕಂಪನಿ ಹೇರಿದ ತೆರಿಗೆಯ ವಿರುದ್ಧ 1800ರಲ್ಲಿ ನಡೆದ ದಂಗೆಯಲ್ಲೂ ಅವರಿದ್ದರು. ಇಷ್ಟು ದೂರ ಅವರು ಹೊತ್ತು ತಿರುಗಿದ ಹೆಸರು ಹ್ಯಾರಿ ವಾಷಿಂಗ್ಟನ್. ಯಜಮಾನ ಬ್ರಿಟಿಷ್ ರಾಜನ ವಿರುದ್ಧ ಬಿಡುಗಡೆಗೆ ಹೋರಾಡಿದ. ಆಳು ಆ ಯಜಮಾನನಿಂದ ಬಿಡುಗಡೆಗೆ ಹೋರಾಡಿದ. ಇಬ್ಬರ ಹೆಸರೂ ಒಂದೇ ಹಳ್ಳಿಯದು.

ಬುಕರ್ ಟಿ. ವಾಷಿಂಗ್ಟನ್ನರ ಕಥೆ ಇನ್ನೂ ಸ್ಪಷ್ಟ. 1856ರಲ್ಲಿ ವರ್ಜೀನಿಯಾದಲ್ಲಿ ಗುಲಾಮಳ ಮಗನಾಗಿ ಹುಟ್ಟಿದವರು. ಬಿಡುಗಡೆಯಾದ ಮೇಲೆ ಮೊದಲ ಸಲ ಶಾಲೆಗೆ ಹೋದಾಗ ಮೇಷ್ಟ್ರು ಹಾಜರಿ ಕೂಗುತ್ತಿದ್ದರು. ಪ್ರತಿಯೊಬ್ಬ ಹುಡುಗನಿಗೂ ಎರಡು ಹೆಸರು. ಇವರಿಗೆ ಇದ್ದದ್ದು ಬುಕರ್ ಅಂತ ಒಂದೇ. ತಮ್ಮ ಸರದಿ ಬಂದಾಗ ‘ಬುಕರ್ ವಾಷಿಂಗ್ಟನ್’ ಅಂತ ಹೇಳಿಬಿಟ್ಟರು. ಹುಟ್ಟಿನಿಂದ ಅಂತಸ್ತು ಪಡೆಯದ ಹುಡುಗ ಮೇಷ್ಟ್ರ ಮುಂದೆ ತನ್ನ ಹೆಸರನ್ನು ತಾನೇ ಇಟ್ಟುಕೊಂಡ. 1881ರಲ್ಲಿ ಟಸ್ಕೀಗಿಯಲ್ಲಿ ಶುರುವಾದ ಶಾಲೆಗೆ ಅವರೇ ಮೊದಲ ಮುಖ್ಯಸ್ಥರಾದರು. ಮುಂದೆ ಆತ್ಮಕಥೆಯಲ್ಲಿ, ಹೀಗೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಅವಕಾಶ ದೇಶದಲ್ಲಿ ಹೆಚ್ಚು ಜನರಿಗೆ ಸಿಕ್ಕಿರಲಾರದು ಅಂತ ನೆನಪಿಸಿಕೊಂಡರು.

1870ರ ಜನಗಣತಿಯಲ್ಲಿ ಬಿಡುಗಡೆಯಾದ ಕಪ್ಪು ಜನರೆಲ್ಲರ ಹೆಸರೂ ಮೊದಲ ಸಲ ಪೂರ್ತಿಯಾಗಿ ದಾಖಲಾಯಿತು. ಅಲ್ಲಿಂದ ವಾಷಿಂಗ್ಟನ್ ಎಂಬುದು ಅವರ ಹೆಸರು. ಬಿಷಪ್‌ಗೆ ಬೇಟೆನಾಯಿ ಒದಗಿಸುತ್ತಿದ್ದ ಸರದಾರನ ಒಡೆತನದ ಗುರುತಾಗಿದ್ದದ್ದು, ಒಡೆತನದಿಂದ ಬಿಡಿಸಿಕೊಂಡವರ ಹೆಸರಾಯಿತು. ಊರಿನ ಹೆಸರಿಗೆ ಇರುವ ಶಕ್ತಿ ಇದು ಅಂತ ನಾನು ನಂಬಿದ್ದೇನೆ. ಅದು ಯಾರ ರಕ್ತಕ್ಕೂ ಕಟ್ಟುಬಿದ್ದಿಲ್ಲ. ಯಾರು ಬೇಕಾದರೂ ಬಂದು ಅದರಲ್ಲಿ ಇರಬಹುದು, ಊರಿನಲ್ಲಿ ಇರುವ ಹಾಗೆ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಊರಿನ ಹೆಸರಿಗೇನೂ ಬರ ಇಲ್ಲ. ಹಳೆ ಮೈಸೂರು ಸೀಮೆಯಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಉತ್ತರ ಕರ್ನಾಟಕದಲ್ಲಿ ಊರು ಕೊನೆಗೆ ಬಂದು ಅಡ್ಡಹೆಸರಾಗುತ್ತದೆ: ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ. ಕರಾವಳಿಯಲ್ಲಿ ಕಾರ್ನಾಡ, ಬೆನಗಲ್. ಇಂಗ್ಲಿಷರ ವಾಷಿಂಗ್ಟನ್, ಲಿಂಕನ್‌ಗಳಿಗೆ ಸರಿಸಮಾನವಾದ ಹೆಸರುಗಳು ಇವು.

ಇನ್ನೂ ಒಂದು ಹೋಲಿಕೆ ಇದೆ. ನಮ್ಮಲ್ಲೂ ಎಷ್ಟೋ ಸಲ ಹೆಸರಿನ ಊರು ಹುಟ್ಟಿದ ಊರಲ್ಲ. ಡಿ.ವಿ.ಜಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ. ಗಿರೀಶ ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಗಂಗೂಬಾಯಿಯವರು ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರು. ಸರ್ ಎಂ. ವಿಶ್ವೇಶ್ವರಯ್ಯನವರ ‘ಎಂ’ ಅಂದರೆ ಮೋಕ್ಷಗುಂಡಂ. ಅದು ಆಂಧ್ರದ ಹಳ್ಳಿ, ಅವರ ಹಿರಿಯರು ಬಿಟ್ಟುಬಂದ ಊರು. ಅವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಕನ್ನಡ ನಾಡೆಲ್ಲ ನಮ್ಮವರು ಅಂತ ಹೆಮ್ಮೆಪಡುವ ಹೆಸರಿನ ಮೊದಲಕ್ಷರದಲ್ಲೇ ಒಂದು ವಲಸೆಯ ಕಥೆ ಇದೆ. ಅದನ್ನು ಬಿಟ್ಟುಬಿಡಬೇಕು ಅಂತ ಆ ಮನೆತನಕ್ಕೆ ಅನ್ನಿಸಲಿಲ್ಲ. ನಮ್ಮ ಅಜ್ಜಂದಿರು ಹೊಸ ಊರಿಗೆ ಬಂದರೂ ಹಳೆಯ ಊರನ್ನು ಹೆಸರಿನ ಮುಂದೆ ಇಟ್ಟುಕೊಂಡೇ ನಡೆದರು.

ಆದರೆ ಎರಡೂ ಕಡೆಯ ರೀತಿಯಲ್ಲಿ ಒಂದು ವ್ಯತ್ಯಾಸ ಇದೆ, ಅದೇ ಈಗ ನಮಗೆ ತೊಡಕಾಗಿರುವುದು. ಇಂಗ್ಲಿಷರು ಊರನ್ನು ಪೂರ್ತಿ ಬರೆಯುತ್ತಾರೆ. ನಾವು ಒಂದಕ್ಷರಕ್ಕೆ ಇಳಿಸಿದೆವು. ಶಾಲೆಯ ದಾಖಲೆಯಲ್ಲಿ ಎಚ್, ಕೆ, ಬಿ ಅಂತ ಬರೆಸಿ ಸುಮ್ಮನಾದೆವು. ಒಂದು ತಲೆಮಾರು ಕಳೆದರೆ ಆ ‘ಎಚ್’ ಹೊಸಹಳ್ಳಿಯೋ ಹುಲಿಯೂರೋ ಹೊನ್ನೇನಹಳ್ಳಿಯೋ ಅಂತ ಮಕ್ಕಳಿಗೇ ಗೊತ್ತಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಊರಿನ ಅಕ್ಷರವೇ ಬಿದ್ದುಹೋಗಿ ಅಪ್ಪನ ಅಕ್ಷರವೊಂದೇ ಉಳಿದಿದೆ. ಡರ್ಹಮ್‌ನ ಒಂದು ಹಳ್ಳಿ 800 ವರ್ಷ ಹೆಸರಿನಲ್ಲಿ ಉಳಿದದ್ದು ಅದನ್ನು ಪೂರ್ತಿ ಬರೆದಿದ್ದರಿಂದ. ಜಾರ್ಜ್‌ಗೆ ತನ್ನ ಮೂಲ ಗೊತ್ತಿರಲಿಲ್ಲ, ಸರಿ. ಆದರೆ ಹೆಸರಿಗೆ ಗೊತ್ತಿತ್ತು. ಆಮೇಲೆ ಯಾರು ಬೇಕಾದರೂ ಹುಡುಕಿಕೊಂಡು ಹೋಗಬಹುದಿತ್ತು, ಹೋದರು ಕೂಡ. ಆ ಊರಿನ ಹಳೆಯ ಮನೆ, ವಾಷಿಂಗ್ಟನ್ ಓಲ್ಡ್ ಹಾಲ್, 1930ರ ದಶಕದಲ್ಲಿ ವಾಸಕ್ಕೆ ಯೋಗ್ಯವಲ್ಲ ಅಂತ ಕೆಡವುವ ಸ್ಥಿತಿಗೆ ಬಂದಿತ್ತು. ಊರಿನ ಜನ ಮುಂದೆ ಬಂದು ಉಳಿಸಿಕೊಂಡರು. 1977ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಲ್ಲಿಗೆ ಬಂದು ಗಿಡ ನೆಟ್ಟುಹೋದರು.

ವಿದೇಶಕ್ಕೆ ಬಂದ ಮೇಲೆ ನಮ್ಮ ಇನಿಷಿಯಲ್ ಪದ್ಧತಿ ಇನ್ನಷ್ಟು ಸೋಲುತ್ತದೆ. ಇಲ್ಲಿ ಪ್ರತಿ ಫಾರ್ಮಿನಲ್ಲೂ ಎರಡು ಖಾನೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಪ್ಪ ಅಮ್ಮ ಪ್ರೀತಿಯಿಂದ ಇಟ್ಟ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ ಕೂರುತ್ತದೆ. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನ ಒಂದೇ ಹೆಸರಿರುವ ಪಾಸ್‌ಪೋರ್ಟಿನ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಅಂತ ನಿಯಮ ತಂದಾಗ ದುಬೈ ಕನ್ನಡಿಗರ ಮನೆಗಳಲ್ಲಿ ಊರಿಂದ ಬರಬೇಕಾದ ಅಪ್ಪ ಅಮ್ಮಂದಿರ ಚಿಂತೆ ಶುರುವಾಯಿತು. ಈ ಕಷ್ಟ ತಪ್ಪಿಸಲು ಜನ ಕೈಗೆ ಸಿಕ್ಕಿದ್ದನ್ನು ಖಾನೆಗೆ ತುಂಬುತ್ತಾರೆ. ಒಬ್ಬರು ಅಪ್ಪನ ಹೆಸರು ಹಾಕುತ್ತಾರೆ. ಆಗ ಮಂಜುನಾಥ, ನಾಗರಾಜ ಸರ್‌ನೇಮ್ ಆಗುತ್ತದೆ. ಮಗಳನ್ನು ಶಾಲೆಯಲ್ಲಿ ಮಿಸ್ ಮಂಜುನಾಥ ಅಂತ ಕರೆಯುತ್ತಾರೆ. ಅವಳ ಅಮ್ಮನ ಸುಳಿವೂ ಇಲ್ಲ, ಊರಿನ ಸುಳಿವೂ ಇಲ್ಲ. ಇನ್ನು ಕೆಲವರು ಜಾತಿಯ ಹೆಸರು ಸೇರಿಸುತ್ತಾರೆ. ಊರಿನಲ್ಲಿ ಅವರಪ್ಪನ ಹೆಸರಿನಲ್ಲಿ ಅದು ಇರಲೇ ಇಲ್ಲ. ಖಾನೆ ತುಂಬಬೇಕಲ್ಲ ಅಂತ ಸಮುದ್ರ ದಾಟಿದ ಮೇಲೆ ಜಾತಿ ಹೊಸದಾಗಿ ಹೆಸರಿಗೆ ಅಂಟುತ್ತದೆ. ಇದು ನನಗೆ ನಿಜವಾಗಿಯೂ ಬೇಸರ ತರುವ ಬೆಳವಣಿಗೆ. ಇಲ್ಲಿ ಹುಟ್ಟಿದ ಮಗುವಿಗೆ ಗೊತ್ತೇ ಇಲ್ಲದ ಮೇಲು ಕೀಳಿನ ಏಣಿಯ ಒಂದು ಮೆಟ್ಟಿಲನ್ನು ನಾವು ಹೆಸರಿನಲ್ಲಿ ಕಟ್ಟಿಕೊಡುತ್ತಿದ್ದೇವೆ. ಮುಂದೆ ಇನ್ನೊಬ್ಬ ಭಾರತೀಯ ಸಹೋದ್ಯೋಗಿ ಆ ಹೆಸರು ನೋಡಿ ಅಳೆಯುತ್ತಾನೆ ಅಂತ ಗೊತ್ತಿದ್ದೂ.

ಊರಿನ ಹೆಸರಿಗೆ ಜನ ಮೂರು ಆಕ್ಷೇಪ ಎತ್ತುತ್ತಾರೆ. ಉದ್ದ ಜಾಸ್ತಿ, ಇಲ್ಲಿನವರ ನಾಲಿಗೆಗೆ ಹೊರಳುವುದಿಲ್ಲ ಅನ್ನುವುದು ಮೊದಲನೆಯದು. ಇದಕ್ಕೆ ಉತ್ತರ ಸುಲಭ. ಈ ನಾರ್ತಂಬರ್‌ಲ್ಯಾಂಡಿನಲ್ಲೇ ಒಂದು ಸರ್‌ನೇಮ್ ಇದೆ. ಬರೆಯುವುದು ಫೆದರ್‌ಸ್ಟೋನ್‌ಹಾ ಅಂತ, ಕೆಲವು ಮನೆತನಗಳಲ್ಲಿ ಕರೆಯುವುದು ಫ್ಯಾನ್‌ಶಾ ಅಂತ. ಅದನ್ನು ಹೊತ್ತು ಬದುಕುವ ನಾಡು ಚಿಕ್ಕನಾಯಕನಹಳ್ಳಿಯನ್ನು ಕಲಿಯಲಾರದೇ? ಕಲಿಯುತ್ತದೆ. ನಮ್ಮ ಮಕ್ಕಳ ಹೆಸರನ್ನು ಸರಿಯಾಗಿ ಹೇಳಲು ಕಷ್ಟಪಡುವ ಮೇಷ್ಟ್ರುಗಳನ್ನು ಇಲ್ಲಿ ಬೇಕಾದಷ್ಟು ನೋಡಿದ್ದೇನೆ. ಎರಡು ವಾರದಲ್ಲಿ ಕಲಿತುಬಿಡುತ್ತಾರೆ.

ಮಗು ಕಣ್ಣಲ್ಲೇ ನೋಡದ ಊರು ಅದರ ಹೆಸರಿಗೆ ಯಾಕೆ ಅನ್ನುವುದು ಎರಡನೆಯದು. ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ, ಗಂಗೂಬಾಯಿಯವರ ಹಾನಗಲ್ಲನ್ನು ನೋಡಿದ ಮೇಲೆ ಈ ಪ್ರಶ್ನೆಗೆ ಬಲ ಇಲ್ಲ. ಊರಿನಲ್ಲೇ ಇರುವವರಿಗೆ ಊರಿನ ಹೆಸರು ಬೇಕಾಗಿಲ್ಲ. ಬಿಟ್ಟುಬಂದವರಿಗೇ ಅದು ಬೇಕು.

ಮೂರನೆಯ ಆಕ್ಷೇಪ ಭಾರದ್ದು. ಅದನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ಒಬ್ಬ ಗೆಳೆಯರು ಕೇಳಿದರು: ನಮ್ಮಪ್ಪನಿಗೆ ಆ ಊರಿನ ಬಾವಿಯಲ್ಲಿ ನೀರು ಸೇದಲು ಬಿಡಲಿಲ್ಲ, ನಮ್ಮ ಕೇರಿ ಊರ ಹೊರಗಿತ್ತು, ಆ ಊರಿನ ಹೆಸರನ್ನು ನನ್ನ ಮಗಳು ಯಾಕೆ ಹೊರಬೇಕು? ನ್ಯಾಯವಾದ ಮಾತು. ಊರು ಅಂದರೆ ಎಲ್ಲರಿಗೂ ಸಿಹಿ ನೆನಪಲ್ಲ. ಅಂಥವರಿಗೆ ಊರಿನ ಹೆಸರು ಹಾಕಿ ಅಂತ ಹೇಳುವ ಹಕ್ಕು ನನಗಿಲ್ಲ. ವಾಷಿಂಗ್ಟನ್ ಹೆಸರನ್ನು ಆರಿಸಿಕೊಂಡ ಕಪ್ಪು ಜನ ಇದ್ದ ಹಾಗೆಯೇ, ಯಜಮಾನನ ಹೆಸರು ಬೇಡವೇ ಬೇಡ ಅಂತ ಹೊಸ ಹೆಸರು ಇಟ್ಟುಕೊಂಡವರೂ ಇದ್ದರು. ಎರಡೂ ಬಿಡುಗಡೆಯೇ. ನನ್ನ ಗೆಳೆಯರು ಕೊನೆಗೆ ಆರಿಸಿದ್ದು ತಮ್ಮ ಅಪ್ಪ ಹಾಸ್ಟೆಲಿನಲ್ಲಿದ್ದು ಓದಿದ ಪಟ್ಟಣದ ಹೆಸರನ್ನು. ಆ ಊರು ನಮ್ಮಪ್ಪನಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟಿತು, ಅದೇ ನಮ್ಮ ಊರು ಅಂದರು. ನಾನು ಕೇಳಿದ ಅತ್ಯಂತ ಒಳ್ಳೆಯ ಸರ್‌ನೇಮ್ ಅದು.

ಇಂಗ್ಲಿಷರ ರೀತಿಯಲ್ಲಿ ನನಗೆ ಒಪ್ಪಿಗೆಯಾಗದ್ದೂ ಒಂದಿದೆ. ಅವರ ಸರ್‌ನೇಮ್ ಗಂಡಿನ ಸಾಲಿನಲ್ಲೇ ಹರಿಯಿತು. ಜಾರ್ಜ್‌ನ ತಾಯಿ ಮೇರಿ ಬಾಲ್. ಆ ಬಾಲ್ ಮಗನ ಹೆಸರಿನಲ್ಲಿ ಇಲ್ಲ. ವಾಷಿಂಗ್ಟನ್ ಹಳ್ಳಿಯೇ ಮಗಳ ಮದುವೆಯಲ್ಲಿ ಕೈ ಬದಲಾಯಿತು, ಹೆಸರು ಮಾತ್ರ ಮಗಳಿಗೆ ದಕ್ಕಲಿಲ್ಲ. ಮದುವೆಯಾದವಳು ಗಂಡನ ಹೆಸರು ಹಿಡಿಯಬೇಕು ಅಂತ ಇಂಗ್ಲೆಂಡಿನಲ್ಲಿ ಕಾನೂನೇನೂ ಇಲ್ಲ. ಬರೀ ರೂಢಿ. ನಾವು ಅದನ್ನು ಎರವಲು ತರಬೇಕಾಗಿಲ್ಲ. ಗಂಗೂಬಾಯಿಯವರು ಅಮ್ಮನ ಕಡೆಯ ಹಿರಿಯರ ಊರನ್ನೇ ಕೊನೆಯವರೆಗೂ ಹೊತ್ತು ಹಾಡಿದರು, ಗಂಡನ ಮನೆತನದ ಹೆಸರನ್ನಲ್ಲ. ಹಾನಗಲ್ಲು ಎಂಬ ಹೆಸರು ದೇಶದ ಉದ್ದಗಲಕ್ಕೂ ಕೇಳಿಸಿದ್ದು ಹಾಗೆ. ಅಮ್ಮನ ತವರಿನ ಊರು ಮಗುವಿನ ಸರ್‌ನೇಮ್ ಆದರೆ ತಪ್ಪೇನು? ಅಜ್ಜಿಯ ತವರಾದರೂ ಸರಿ. ಹಿರಿಯ ಮಗುವಿಗೆ ಒಂದು, ಕಿರಿಯ ಮಗುವಿಗೆ ಒಂದು ಅಂತ ಮಾತ್ರ ಮಾಡಬೇಡಿ. ಒಡಹುಟ್ಟಿದವರಿಗೆ ಬೇರೆ ಬೇರೆ ಸರ್‌ನೇಮ್ ಇದ್ದರೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಕೇಳುತ್ತಾರೆ. ಒಂದನ್ನು ಆರಿಸಿ, ಇಬ್ಬರಿಗೂ ಅದನ್ನೇ ಇಡಿ.

ಇಂಗ್ಲೆಂಡಿನಲ್ಲಿ ಮಗು ಹುಟ್ಟಿದರೆ 42 ದಿನದೊಳಗೆ ರಿಜಿಸ್ಟರ್ ಮಾಡಿಸಬೇಕು. ಅಪ್ಪನ ಸರ್‌ನೇಮೇ ಇರಬೇಕು ಅಂತ ರಿಜಿಸ್ಟ್ರಾರ್ ಕೇಳುವುದಿಲ್ಲ, ಅಮ್ಮನದೇ ಇರಬೇಕು ಅಂತಲೂ ಇಲ್ಲ. ನೀವು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಒಂದು ಸಲ ಬರೆದ ಮೇಲೆ ತಿದ್ದಿಸುವುದು ಸುಲಭದ ಕೆಲಸ ಅಲ್ಲ. ಅದಕ್ಕೇ ಹೆರಿಗೆಗೆ ಮೊದಲೇ ಮನೆಯ ಹಿರಿಯರಿಗೆ ಫೋನ್ ಮಾಡಿ. ಅಜ್ಜ ಅಜ್ಜಿಯರನ್ನು ಕೇಳಿ, ಅವರಿಲ್ಲದಿದ್ದರೆ ದೊಡ್ಡಪ್ಪ, ಸೋದರತ್ತೆಯನ್ನು ಕೇಳಿ. ನಮ್ಮ ಇನಿಷಿಯಲ್ಲಿನ ಊರು ಯಾವುದು, ಅಲ್ಲಿಗೆ ಎಲ್ಲಿಂದ ಬಂದೆವು, ಅಮ್ಮನ ಕಡೆಯವರ ಊರು ಯಾವುದು, ನಿಮ್ಮನ್ನು ಕೈಹಿಡಿದು ನಡೆಸಿದ ಊರು ಯಾವುದು ಅಂತ ಎಲ್ಲವನ್ನೂ ಬರೆದುಕೊಳ್ಳಿ. ಗಂಡ ಹೆಂಡತಿ ಕೂತು ಒಂದನ್ನು ಆರಿಸಿ. ಇಂಗ್ಲಿಷಿನಲ್ಲಿ ಯಾವ ಅಕ್ಷರಗಳಲ್ಲಿ ಬರೆಯಬೇಕು ಅಂತಲೂ ಅವತ್ತೇ ತೀರ್ಮಾನಿಸಿ ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದಿಡಿ. ರಿಜಿಸ್ಟ್ರಾರ್ ಮುಂದೆ ಬಾಯಲ್ಲಿ ಹೇಳುವ ಬದಲು ಆ ಚೀಟಿಯನ್ನೇ ಕೊಡಿ.